ಸೀಕ್ವೆನ್ಸರ್ ಹೇಳಿದಂತೆ ಕೇಳುತ್ತಿಲ್ಲವೇ? ಮಾಡ್ಯುಲರ್ ಸಿಂಥ್ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಬಿಡಿ ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ನಿಂದ ಜೋಡಿಸಿ ಸದ್ದು ಹುಟ್ಟಿಸುವ ವಾದ್ಯ ಮಾಡ್ಯುಲರ್ ಸಿಂಥ್. ಅದಕ್ಕೆ ಸ್ವರಗಳನ್ನು ಹೆಜ್ಜೆ ಹೆಜ್ಜೆಯಾಗಿ ಸಾಲಾಗಿ ನುಡಿಸಲು ಹೇಳುವ ಯಂತ್ರ ಸೀಕ್ವೆನ್ಸರ್. ಇದನ್ನು ಮೊದಲ ಸಲ ಜೋಡಿಸಿದವರು ಬೇಗ ಒಂದು ತೀರ್ಮಾನಕ್ಕೆ ಬರುತ್ತಾರೆ: "ಪೀಸ್ ಡಿಫೆಕ್ಟ್ ಇರಬೇಕು." ಹೆಚ್ಚಿನ ಸಲ ಡಿಫೆಕ್ಟ್ ಇರುವುದಿಲ್ಲ. ಸೀಕ್ವೆನ್ಸರ್‌ನಲ್ಲಿ ಮೂರು ಬೇರೆ ಬೇರೆ ಕೆಲಸದ ವೋಲ್ಟೇಜ್ ಓಡಾಡುತ್ತವೆ. ಕ್ಲಾಕ್ ಮುಂದಿನ ಹೆಜ್ಜೆಗೆ ಯಾವಾಗ ಹೋಗಬೇಕು ಅಂತ ಹೇಳುತ್ತದೆ. ಗೇಟ್ ಸ್ವರ ಯಾವಾಗ ಶುರುವಾಗಿ ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳುತ್ತದೆ. ಪಿಚ್ ಸಿವಿ (ಸಿವಿ ಅಂದರೆ ಕಂಟ್ರೋಲ್ ವೋಲ್ಟೇಜ್) ಯಾವ ಸ್ವರ ಅಂತ ಹೇಳುತ್ತದೆ. ಮೂರಕ್ಕೂ ಜ್ಯಾಕ್ ಅದೇ 3.5 ಮಿ.ಮೀ. ಕೇಬಲ್ಲೂ ಅದೇ. ತಪ್ಪು ಜಾಗಕ್ಕೆ ಚುಚ್ಚಿದರೂ ಯಂತ್ರ ಏನೂ ಹೇಳುವುದಿಲ್ಲ. ಹಾಗಾಗಿ ಏನೇ ತೊಂದರೆ ಕಂಡರೂ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ?

ಇಲ್ಲಿ ಯೂರೋರ‍್ಯಾಕ್ ಸಿಸ್ಟಮ್ ಬಗ್ಗೆ ಮಾತಾಡುತ್ತಿದ್ದೇನೆ. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ಮಧ್ಯದಲ್ಲಿ ಎ-100 ಅನ್ನುವ ಸಿಂಥ್ ಮೂಲಕ ಶುರು ಮಾಡಿದ, ಮಾಡ್ಯೂಲ್‌ಗಳ ಗಾತ್ರ ಮತ್ತು ವೋಲ್ಟೇಜ್‌ನ ಅಳತೆ ಇದು. ಉದಾಹರಣೆ ಬೇಕಾದಲ್ಲಿ ಕೋರ್ಗ್ ಕಂಪನಿಯ ಎಸ್‌ಕ್ಯೂ-1 ಸೀಕ್ವೆನ್ಸರ್ ಹೆಸರು ಹೇಳುತ್ತೇನೆ, ಯಾಕೆಂದರೆ ಅನೇಕರು ಕಲಿಯುವುದು ಅದರಲ್ಲೇ. ನಿಮ್ಮದು ಬೇರೆ ಮಾದರಿಯಾದರೂ ಹುಡುಕುವ ದಾರಿ ಇದೇ.

ಕೈ ಹಾಕುವ ಮೊದಲು

ಇರುವ ಪ್ಯಾಚ್ (ಕೇಬಲ್ ಜೋಡಣೆ) ಎಲ್ಲಾ ಬಿಚ್ಚಿ. ಕಷ್ಟ ಅನ್ನಿಸಿದರೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಇಷ್ಟು ಮಾತ್ರ ಜೋಡಿಸಿ: ಸೀಕ್ವೆನ್ಸರ್‌ನ ಪಿಚ್ ಸಿವಿಯಿಂದ ಆಸಿಲೇಟರ್‌ನ (ವಿಸಿಒ, ಸದ್ದು ಹುಟ್ಟಿಸುವ ಮಾಡ್ಯೂಲ್) ಪಿಚ್ ಇನ್‌ಪುಟ್‌ಗೆ ಒಂದು ಕೇಬಲ್. ಗೇಟ್‌ನಿಂದ ಎನ್ವಲಪ್‌ಗೆ (ಸ್ವರದ ಸದ್ದು ಹೇಗೆ ಏರಿ ಇಳಿಯಬೇಕು ಅಂತ ಹೇಳುವ ಮಾಡ್ಯೂಲ್) ಒಂದು. ಎನ್ವಲಪ್‌ನಿಂದ ವಿಸಿಎಯ (ವೋಲ್ಟೇಜ್‌ಗೆ ತಕ್ಕಂತೆ ಸದ್ದು ಜಾಸ್ತಿ ಕಡಿಮೆ ಮಾಡುವ ಮಾಡ್ಯೂಲ್) ಸಿವಿ ಇನ್‌ಪುಟ್‌ಗೆ ಒಂದು. ಆಸಿಲೇಟರ್ ಸದ್ದು ವಿಸಿಎ ಮೂಲಕ ಹೊರಗೆ. ಫಿಲ್ಟರ್, ಡಿಲೇ, ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಕೊಡುವ ಮಾಡ್ಯೂಲ್) ಯಾವುದೂ ಬೇಡ. ದೊಡ್ಡ ಪ್ಯಾಚ್‌ನಲ್ಲಿ ತಪ್ಪು ಹುಡುಕುವುದು ಸುಮ್ನೆ ಸಮಯ ಹಾಳು.

ಕೈಗೆ ಎರಡು ವಸ್ತು ಬೇಕು. ಚೆನ್ನಾಗಿದೆ ಅಂತ ಖಚಿತವಾಗಿ ಗೊತ್ತಿರುವ ಕೇಬಲ್ ಒಂದು, ಡಿಜಿಟಲ್ ಮಲ್ಟಿಮೀಟರ್ ಒಂದು. ಮೀಟರ್ ದುಬಾರಿಯದ್ದೇ ಆಗಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ಸಾಧಾರಣ ಮೀಟರ್ ಈ ಕೆಲಸಕ್ಕೆ ಸಾಕು.

ಸುರಕ್ಷತೆಯ ಮಾತು ಈಗಲೇ ಹೇಳಿಬಿಡುತ್ತೇನೆ. ಮಾಡ್ಯೂಲ್‌ನ ಹಿಂದಿನ ರಿಬ್ಬನ್ ಕೇಬಲ್ ಮುಟ್ಟುವ ಮೊದಲು ಕೇಸ್ ಆಫ್ ಮಾಡಿ, ಪ್ಲಗ್ ಕಿತ್ತು ಪಕ್ಕಕ್ಕಿಡಿ. ಮುಂದಿನ ಪ್ಯಾಚ್ ಜ್ಯಾಕ್‌ಗಳಲ್ಲಿ ಇರುವುದು ಕಡಿಮೆ ವೋಲ್ಟೇಜ್, ಅವುಗಳಿಂದ ಅಪಾಯವಿಲ್ಲ. ಆದರೆ ಕೆಲವು ಕೇಸ್‌ಗಳ ಒಳಗೇ 230 ವೋಲ್ಟ್‌ನ ಪವರ್ ಸಪ್ಲೈ ಇರುತ್ತದೆ. ಅದರ ಮುಚ್ಚಳ ತೆಗೆಯುವುದು ನಿಮ್ಮ ಕೆಲಸ ಅಲ್ಲ. ಇನ್ನೊಂದು, ಕಿವಿಯ ವಿಷಯ. ಮಾಡ್ಯುಲರ್ ಸದ್ದು ಸುಮಾರು 10 ವೋಲ್ಟ್ ಏರಿಳಿಯುತ್ತದೆ, ಸಾಮಾನ್ಯ ಆಡಿಯೋ ಲೈನ್‌ಗಿಂತ ತುಂಬಾ ಜಾಸ್ತಿ. ಪರೀಕ್ಷೆ ಮಾಡುವಾಗ ಹೆಡ್‌ಫೋನ್ ಹಾಕಿಕೊಂಡು ಕೇಬಲ್ ಬದಲಿಸಬೇಡಿ. ಸ್ಪೀಕರ್ ವಾಲ್ಯೂಮ್ ತಗ್ಗಿಸಿಡಿ.

ದೀಪವೇ ಹೊತ್ತುತ್ತಿಲ್ಲ

ಬ್ಯಾಟರಿ ಅಥವಾ ಯುಎಸ್‌ಬಿಯಿಂದ ಓಡುವ ಯಂತ್ರವಾದರೆ ಕೇಬಲ್ ಮತ್ತು ಅಡಾಪ್ಟರ್ ಬದಲಿಸಿ ನೋಡಿ. ಅಡಾಪ್ಟರ್‌ನಿಂದ ಓಡುವುದಾದರೆ ವೋಲ್ಟೇಜ್ ಜೊತೆಗೆ ಪಿನ್‌ನ ಪ್ಲಸ್–ಮೈನಸ್ ಗುರುತೂ ನೋಡಿ. ಕೆಲವಕ್ಕೆ ನಡುವಿನ ಪಿನ್ ಪ್ಲಸ್, ಕೆಲವಕ್ಕೆ ಮೈನಸ್. ತೂತಿಗೆ ಸರಿಯಾಗಿ ಕೂತಿತು ಅಂತ ಯಾವುದೋ ಅಡಾಪ್ಟರ್ ಹಾಕಬೇಡಿ.

ಕೇಸ್ ಒಳಗೆ ಕೂರುವ ಮಾಡ್ಯೂಲ್ ಆದರೆ ರಿಬ್ಬನ್ ಕೇಬಲ್ ನೋಡಿ. ಅದರ ಅಂಚಿನ ಕೆಂಪು ಗೆರೆ ಮೈನಸ್ 12 ವೋಲ್ಟ್ ಕಡೆಗೆ ಇರಬೇಕು. ಮಾಡ್ಯೂಲ್‌ನ ಹಿಂದೆ ಮತ್ತು ಬಸ್ ಬೋರ್ಡ್ (ಕೇಸ್ ಒಳಗೆ ಕರೆಂಟ್ ಹಂಚುವ ಬೋರ್ಡ್) ಮೇಲೆ, ಎರಡೂ ಕಡೆ ಗುರುತು ಓದಿ. ಒಂದು ಕಡೆ ನೋಡಿ ಇನ್ನೊಂದು ಕಡೆ ಊಹಿಸಬೇಡಿ. ಗೆರೆ ಸರಿಯಾಗಿದ್ದೂ ದೀಪ ಇಲ್ಲದಿದ್ದರೆ ಬೇರೆ ಮಾಡ್ಯೂಲ್‌ಗಳನ್ನು ಕಳಚಿ ಸೀಕ್ವೆನ್ಸರ್ ಒಂದನ್ನೇ ಬಿಡಿ. ಆಗ ಹೊತ್ತಿಕೊಂಡರೆ ಪವರ್ ಸಪ್ಲೈಗೆ ಹೊರೆ ಜಾಸ್ತಿಯಾಗಿದೆ ಅಂತ ಅರ್ಥ. ಪ್ರತಿ ಮಾಡ್ಯೂಲ್ ಎಷ್ಟು ಮಿಲಿ ಆಂಪ್ ಎಳೆಯುತ್ತದೆ ಅಂತ ಕೂಡಿ ನೋಡಿ. ಡಿಜಿಟಲ್ ಸೀಕ್ವೆನ್ಸರ್‌ಗಳು ಪ್ಲಸ್ 12ರ ಕಡೆ ಜಾಸ್ತಿ ಎಳೆಯುತ್ತವೆ. ಆನ್ ಮಾಡಿದ ಕ್ಷಣದಲ್ಲಿ ಇನ್ನೂ ಜಾಸ್ತಿ.

ಸುಟ್ಟ ವಾಸನೆ ಬಂದರೆ, ಯಾವುದಾದರೂ ಚಿಪ್ ಮುಟ್ಟಲಾಗದಷ್ಟು ಬಿಸಿಯಾದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಮ್ಮೆ ಆನ್ ಮಾಡಿ ನೋಡೋಣ ಅನ್ನಬೇಡಿ. ಮೊದಲ ಸಲ ಒಂದು ಭಾಗ ಸುಟ್ಟಿದ್ದರೆ, ಎರಡನೇ ಸಲ ಅದರ ಪಕ್ಕದ್ದೂ ಸುಡಬಹುದು.

ದೀಪ ಇದೆ, ಹೆಜ್ಜೆ ಮುಂದೆ ಹೋಗುತ್ತಿಲ್ಲ

ಇದು ಕ್ಲಾಕ್‌ನ ಸಮಸ್ಯೆ. ಕ್ಲಾಕ್ ಇನ್‌ಪುಟ್‌ನಲ್ಲಿ ಕೇಬಲ್ ಏನಾದರೂ ಉಳಿದಿದೆಯೇ ನೋಡಿ. ಅನೇಕ ಸೀಕ್ವೆನ್ಸರ್‌ಗಳಲ್ಲಿ ಅಲ್ಲಿಗೆ ಕೇಬಲ್ ಚುಚ್ಚಿದ ಕೂಡಲೇ ಒಳಗಿನ ಕ್ಲಾಕ್ ಕಟ್ ಆಗುತ್ತದೆ. ಕೇಬಲ್‌ನ ಇನ್ನೊಂದು ತುದಿ ಗಾಳಿಯಲ್ಲಿ ತೂಗುತ್ತಿದ್ದರೂ ಸೀಕ್ವೆನ್ಸರ್ ಹೊರಗಿನ ಕ್ಲಾಕ್‌ಗೆ ಕಾಯುತ್ತಾ ಕೂರುತ್ತದೆ. ಮೆನು ಇರುವ ಯಂತ್ರದಲ್ಲಿ ಕ್ಲಾಕ್ ಸೋರ್ಸ್ ಇಂಟರ್ನಲ್ ಆಗಿದೆಯೇ ನೋಡಿ.

ಮೊದಲ ಹೆಜ್ಜೆಯ ದೀಪ ಮಾತ್ರ ಹೊತ್ತಿ ನಿಂತಿದ್ದರೆ ರಿಸೆಟ್ (ಮೊದಲ ಹೆಜ್ಜೆಗೆ ಮರಳಿಸುವ ಇನ್‌ಪುಟ್) ಮೇಲೆ ಅನುಮಾನ ಪಡಿ. ರಿಸೆಟ್‌ಗೆ ವೋಲ್ಟೇಜ್ ಸತತವಾಗಿ ಬರುತ್ತಿದ್ದರೆ ಕೆಲವು ಯಂತ್ರಗಳು ಅಲ್ಲೇ ನಿಲ್ಲುತ್ತವೆ. ಸೀಕ್ವೆನ್ಸ್ ಉದ್ದ 1ಕ್ಕೆ ಇಳಿದಿದ್ದರೂ ಇದೇ ಲಕ್ಷಣ.

ಕ್ಲಾಕ್ ಫೋನ್‌ನಿಂದಲೋ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದಲೋ ಬರುತ್ತಿದೆಯೇ? ಅದರ ವೋಲ್ಟೇಜ್ ಸಾಲದೆ ಇರಬಹುದು. ವಾಲ್ಯೂಮ್ ಪೂರ್ತಿ ಏರಿಸಿ ನೋಡಿ. ಆಗಲೂ ಹೆಜ್ಜೆ ತಪ್ಪಿ ತಪ್ಪಿ ಹೋದರೆ ನಡುವೆ ಒಂದು ಆಂಪ್ಲಿಫೈಯರ್ ಮಾಡ್ಯೂಲ್ ಬೇಕು.

ಮಿಡಿ (ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ಡಿಜಿಟಲ್ ಪದ್ಧತಿ) ಕೇಬಲ್‌ನಲ್ಲಿ ಇನ್ನೊಂದು ತೊಡಕಿದೆ. 3.5 ಮಿ.ಮೀ. ಜ್ಯಾಕ್‌ನ ಮಿಡಿಯಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು ಜೋಡಣೆಗಳಿವೆ. 2018ರಲ್ಲಿ ಟೈಪ್ ಎ ಅಧಿಕೃತ ಮಾನದಂಡವಾಯಿತು. ಆದರೆ ಆರ್ಟೂರಿಯಾ ಬೀಟ್‌ಸ್ಟೆಪ್ ಪ್ರೊ ಅನ್ನುವ ಸೀಕ್ವೆನ್ಸರ್ ಟೈಪ್ ಬಿ, ಕೋರ್ಗ್ ಯಂತ್ರಗಳು ಟೈಪ್ ಎ. ಎರಡೂ ಯಂತ್ರ ಚೆನ್ನಾಗಿದ್ದು, ಕೇಬಲ್ ಚೆನ್ನಾಗಿದ್ದು, ಒಂದು ಇನ್ನೊಂದರ ಮಾತು ಕೇಳದಿದ್ದರೆ ಅಡಾಪ್ಟರ್‌ನ ಟೈಪ್ ನೋಡಿ. ಎಸ್‌ಕ್ಯೂ-1ರ ಮಿಡಿ ಜ್ಯಾಕ್ ನೋಡಲು ಸಿವಿ ಜ್ಯಾಕ್ ಥರವೇ ಇರುತ್ತದೆ, ಅದೂ ನೆನಪಿರಲಿ.

ಹೆಜ್ಜೆ ಓಡುತ್ತಿದೆ, ಸದ್ದಿಲ್ಲ

ವಿಸಿಎಯ ಬಯಾಸ್ ಅಥವಾ ಗೇನ್ ನಾಬ್ ಕೈಯಿಂದಲೇ ಏರಿಸಿ. ಸ್ವರಗಳು ಬದಲಾಗುತ್ತಾ ನಿಲ್ಲದೆ ಕೇಳಿಸಿದರೆ ಪಿಚ್ ಸರಿ, ಆಸಿಲೇಟರ್ ಸರಿ, ತೊಂದರೆ ಗೇಟ್ ದಾರಿಯಲ್ಲಿದೆ. ಆಗಲೂ ಏನೂ ಕೇಳಿಸದಿದ್ದರೆ ಸೀಕ್ವೆನ್ಸರ್ ಬಿಟ್ಟು ಸ್ಪೀಕರ್ ಕಡೆಯಿಂದ ಹಿಂದಕ್ಕೆ ಹುಡುಕುತ್ತಾ ಬನ್ನಿ. ನಾನಂತೂ ಎಲ್ಲಕ್ಕಿಂತ ಮೊದಲು ಮಾಡುವ ಪರೀಕ್ಷೆ ಇದು. ಒಂದು ನಾಬ್ ತಿರುಗಿಸಿದರೆ ಅರ್ಧ ಸಿಸ್ಟಮ್ ಅನುಮಾನದಿಂದ ಹೊರಗೆ ಹೋಗುತ್ತದೆ.

ಗೇಟ್ ದಾರಿಯಲ್ಲಿ ಮೊದಲು ಗೇಟ್‌ನ ಉದ್ದ ನೋಡಿ. ಎಸ್‌ಕ್ಯೂ-1ರಲ್ಲಿ ಅದಕ್ಕೆ ಡ್ಯೂಟಿ ಅನ್ನುವ ನಾಬ್ ಇದೆ. ಅದು ತೀರಾ ಕೆಳಗಿದ್ದು, ಎನ್ವಲಪ್‌ನ ಅಟ್ಯಾಕ್ (ಸದ್ದು ಮೇಲೇಳಲು ಹಿಡಿಯುವ ಸಮಯ) ನಿಧಾನವಾಗಿದ್ದರೆ, ಸದ್ದು ಮೇಲೇಳುವ ಮೊದಲೇ ಗೇಟ್ ಮುಚ್ಚಿಬಿಡುತ್ತದೆ. ಗೇಟ್ ಬದಲು ಟ್ರಿಗರ್ ಔಟ್‌ಪುಟ್ ಬಳಸಿದರೂ ಹೀಗೇ, ಯಾಕೆಂದರೆ ಟ್ರಿಗರ್ ಕೆಲವೇ ಮಿಲಿಸೆಕೆಂಡ್ ಇರುತ್ತದೆ. ಅಟ್ಯಾಕ್ ಸೊನ್ನೆಗೆ ಇಳಿಸಿ ನೋಡಿ. "ಟಿಕ್" ಅಂತಾದರೂ ಕೇಳಿಸಿದರೆ ಕಾರಣ ಸಿಕ್ಕಿತು.

ಎಲ್ಲಾ ಹೆಜ್ಜೆ ಅಲ್ಲ, ಕೆಲವೇ ಹೆಜ್ಜೆ ಮಾಯವಾಗಿದ್ದರೆ ಗಮನಕೊಟ್ಟು ಕೇಳಿ. ಆ ಜಾಗದಲ್ಲಿ ಮೌನ ಇದ್ದು ಸಮಯ ಸಾಗಿದರೆ ಆ ಹೆಜ್ಜೆಯ ಗೇಟ್ ಆಫ್ ಆಗಿದೆ. ಮೌನವೂ ಇಲ್ಲದೆ ಮುಂದಿನ ಸ್ವರಕ್ಕೆ ನೆಗೆದರೆ ಆ ಹೆಜ್ಜೆಯನ್ನೇ ಸಾಲಿನಿಂದ ತೆಗೆಯಲಾಗಿದೆ. ಎಸ್‌ಕ್ಯೂ-1ರಲ್ಲಿ ಇವೆರಡೂ ಬೇರೆ ಬೇರೆ ಮೋಡ್, ಆದರೆ ಒತ್ತುವ ಬಟನ್‌ಗಳು ಅವೇ. ಹಾಗಾಗಿ ಗೊತ್ತಿಲ್ಲದೆ ಆಗಿಬಿಡುವುದು ಸಾಮಾನ್ಯ.

ಸದ್ದು ನಿಲ್ಲುವುದೇ ಇಲ್ಲ

ಈಗ ವಿಸಿಎಯ ಬಯಾಸ್ ಪೂರ್ತಿ ಇಳಿಸಿ. ಮೇಲಿನ ಪರೀಕ್ಷೆಗೆ ಏರಿಸಿದ್ದು ಹಾಗೇ ಉಳಿದಿರಬಹುದು. ಆಮೇಲೆ ಎನ್ವಲಪ್‌ನ ರಿಲೀಸ್ (ಗೇಟ್ ಮುಚ್ಚಿದ ಮೇಲೆ ಸದ್ದು ಇಳಿಯುವ ಸಮಯ) ಕಡಿಮೆ ಮಾಡಿ. ಗೇಟ್ ಉದ್ದ ಹೆಜ್ಜೆಯ ಶೇ. 100ಕ್ಕೆ ಇದ್ದರೆ ಒಂದು ಹೆಜ್ಜೆಯ ಗೇಟ್ ಮುಂದಿನದಕ್ಕೆ ಅಂಟಿಕೊಂಡು, ಎನ್ವಲಪ್ ಮೊದಲ ಸ್ವರಕ್ಕೆ ಮಾತ್ರ ಶುರುವಾಗುತ್ತದೆ.

ಸದ್ದು ತಲೆಕೆಳಗಾಗಿ ಬರುತ್ತಿದೆಯೇ? ಅಂದರೆ ಹೆಜ್ಜೆ ಇರುವಾಗ ಮೌನ, ಬಿಡುವಿನಲ್ಲಿ ಸದ್ದು? ಆಗ ಗೇಟ್‌ನ ದಿಕ್ಕು ಉಲ್ಟಾ ಆಗಿದೆ. ಯೂರೋರ‍್ಯಾಕ್‌ನಲ್ಲಿ ವೋಲ್ಟೇಜ್ ಏರಿದರೆ ಗೇಟ್ ತೆರೆಯುತ್ತದೆ. ಇದು ವಿ-ಟ್ರಿಗ್. ಕೋರ್ಗ್ ಎಂಎಸ್-20 ಸಿಂಥ್ ಎಸ್-ಟ್ರಿಗ್ ಕೇಳುತ್ತದೆ, ಅಲ್ಲಿ ವೋಲ್ಟೇಜ್ ಗ್ರೌಂಡ್‌ಗೆ (ಸೊನ್ನೆಗೆ) ಇಳಿದಾಗ ಸ್ವರ ಶುರು. 1960ರ ದಶಕದ ಮೂಗ್ ಕಂಪನಿಯ ಸಿಸ್ಟಮ್‌ಗಳೂ ಎಸ್-ಟ್ರಿಗ್‌ನವು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದ್‌ನ ಎನ್‌ಐಡಿಯಲ್ಲಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಜೋಡಿಸಿಕೊಟ್ಟ ಮೂಗ್ ಕೂಡ ಆ ಕಾಲದ್ದೇ. ನಮ್ಮ ದೇಶದಲ್ಲಿ ಮಾಡ್ಯುಲರ್ ಸಂಗೀತ ಅಷ್ಟು ಹಿಂದೆಯೇ ಶುರುವಾಗಿತ್ತು ಅನ್ನುವುದು ಕಲಿಯುವವರಿಗೆಲ್ಲ ಗೊತ್ತಿರಬೇಕು. ಎಸ್‌ಕ್ಯೂ-1ರಲ್ಲಿ ಗೇಟ್ ದಿಕ್ಕು ಬದಲಿಸುವ ಸೆಟ್ಟಿಂಗ್ ಇದೆ. ಇಲ್ಲದ ಯಂತ್ರಕ್ಕೆ ಪರಿವರ್ತಕ ಕೇಬಲ್ ಅಥವಾ ಮಾಡ್ಯೂಲ್ ಬೇಕು.

ಸ್ವರ ತಪ್ಪುತ್ತಿದೆ

ಜನ ಹೆಚ್ಚು ಒದ್ದಾಡುವುದು ಇಲ್ಲಿ. ಇಲ್ಲಿ ಅವಸರ ಬೇಡ. ಸ್ವರ ಹೇಗೆ ತಪ್ಪುತ್ತಿದೆ ಅನ್ನುವುದರಲ್ಲೇ ಉತ್ತರ ಇರುತ್ತದೆ.

ಲೆಕ್ಕ ಸರಳ. ಯೂರೋರ‍್ಯಾಕ್‌ನಲ್ಲಿ 1 ವೋಲ್ಟ್ ಏರಿದರೆ ಒಂದು ಸ್ಥಾಯಿ ಮೇಲೆ. ಸ್ಥಾಯಿಯಲ್ಲಿ 12 ಸ್ವರಸ್ಥಾನ. ಹಾಗಾಗಿ ಒಂದು ಸ್ವರಸ್ಥಾನಕ್ಕೆ ಸುಮಾರು 0.083 ವೋಲ್ಟ್. ಮೀಟರ್‌ನಲ್ಲಿ 0.01 ವೋಲ್ಟ್ ವ್ಯತ್ಯಾಸ ಅಂದರೆ 12 ಸೆಂಟ್ (ಒಂದು ಸ್ವರಸ್ಥಾನಕ್ಕೆ 100 ಸೆಂಟ್). ಕಿವಿ ಇರುವವರಿಗೆ ಅದು ಗೊತ್ತಾಗುತ್ತದೆ, ಶ್ರುತಿಗೆ ಒಗ್ಗಿದ ಕಿವಿಗಂತೂ ಚುಚ್ಚುತ್ತದೆ.

ನಾಬ್ ಸ್ವಲ್ಪ ಮುಟ್ಟಿದರೂ ಸ್ವರ ಎಲ್ಲೆಲ್ಲೋ ಹಾರುತ್ತಿದ್ದರೆ ರೇಂಜ್ ಜಾಸ್ತಿ ಇದೆ. 5 ವೋಲ್ಟ್ ರೇಂಜ್ ಅಂದರೆ 60 ಸ್ವರಸ್ಥಾನ. ನಾಬ್ ತಿರುಗುವುದು ಸುಮಾರು 300 ಡಿಗ್ರಿ. ಒಂದು ಸ್ವರಕ್ಕೆ ಸಿಗುವುದು 5 ಡಿಗ್ರಿ ಮಾತ್ರ. ಕ್ವಾಂಟೈಸರ್ (ವೋಲ್ಟೇಜನ್ನು ಹತ್ತಿರದ ಸ್ವರಕ್ಕೆ ಕೂರಿಸುವ ಸಾಧನ) ಇಲ್ಲದೆ ಅಲ್ಲಿ ಶ್ರುತಿ ಹಿಡಿಯುವುದು ಆಗದ ಮಾತು. ರೇಂಜ್ 1 ಅಥವಾ 2 ವೋಲ್ಟ್‌ಗೆ ಇಳಿಸಿ. ಇಲ್ಲವೇ ಕ್ವಾಂಟೈಸರ್ ಹಾಕಿ.

ಕ್ವಾಂಟೈಸರ್ ಇದ್ದೂ ಬೇಡದ ಸ್ವರ ಬಂದರೆ ಯಾವ ಸ್ಕೇಲ್ ಆಯ್ಕೆಯಾಗಿದೆ ನೋಡಿ. ಮೋಹನ ಬೇಕಾದರೆ ಮೇಜರ್ ಪೆಂಟಾಟೋನಿಕ್ ಸರಿಹೊಂದುತ್ತದೆ: ಷಡ್ಜದಿಂದ 0, 2, 4, 7, 9. ಮಾಯಾಮಾಳವಗೌಳಕ್ಕೆ 0, 1, 4, 5, 7, 8, 11 ಬೇಕು. ಅದನ್ನು ಸ್ಕೇಲ್ ನೀವೇ ಕಟ್ಟಿಕೊಳ್ಳಬಹುದಾದ ಕ್ವಾಂಟೈಸರ್‌ನಲ್ಲಿ ಮಾಡಿಕೊಳ್ಳಿ. ಎಲ್ಲ ಸ್ವರವೂ ಒಂದೇ ಅಳತೆಯಲ್ಲಿ ಜಾರಿದ್ದರೆ ಆಸಿಲೇಟರ್ ಷಡ್ಜಕ್ಕೆ ಕೂತಿಲ್ಲ, ಅಷ್ಟೇ. ಮೊದಲ ಹೆಜ್ಜೆಯಲ್ಲಿ ನಿಲ್ಲಿಸಿ, ಫೋನ್‌ನ ಟ್ಯೂನರ್ ನೋಡಿ ಆಸಿಲೇಟರ್ ನಾಬ್‌ನಿಂದಲೇ ಕೂರಿಸಿ. ಆನ್ ಮಾಡಿದ ತಕ್ಷಣ ಇದನ್ನು ಮಾಡಬೇಡಿ. ಅನಲಾಗ್ ಆಸಿಲೇಟರ್ ಬೆಚ್ಚಗಾಗಲು 20–30 ನಿಮಿಷ ಕೊಡಿ.

ಕೆಳಗಿನ ಸ್ವರ ಸರಿ, ಮೇಲೆ ಹೋದಂತೆ ತಪ್ಪು ಬೆಳೆಯುತ್ತಿದೆ. ಇದು ಬೇರೆಯೇ ಕಥೆ. ಮೂರು ಕಾರಣ ಇರಬಹುದು, ಅಗ್ಗದ್ದರಿಂದ ಶುರು ಮಾಡಿ. ಮೊದಲು, ಕೇಬಲ್ ಆಸಿಲೇಟರ್‌ನ ಎಫ್‌ಎಂ ಇನ್‌ಪುಟ್‌ಗೆ ಹೋಗಿದೆಯೇ? ಅಲ್ಲಿ ನಡುವೆ ಒಂದು ನಾಬ್ ಇರುತ್ತದೆ, ಅದು ವೋಲ್ಟೇಜ್ ಕತ್ತರಿಸುತ್ತದೆ. ಆಕ್ಟೇವ್‌ಗೆ 1 ವೋಲ್ಟ್ ಅಂತ ಬರೆದ ಜ್ಯಾಕ್‌ಗೇ ಹಾಕಿ.

ಎರಡನೆಯದು, ಒಂದೇ ಸಿವಿಯನ್ನು ಸಾದಾ ಮಲ್ಟಿಪಲ್‌ನಿಂದ (ಒಂದು ವೋಲ್ಟೇಜನ್ನು ಹಲವು ಜ್ಯಾಕ್‌ಗೆ ಹಂಚುವ ಮಾಡ್ಯೂಲ್) ಎರಡು ಆಸಿಲೇಟರ್‌ಗೆ ಹಂಚಿದ್ದೀರಾ? ಔಟ್‌ಪುಟ್‌ನಲ್ಲಿ 1 ಕಿಲೋ ಓಮ್, ಪ್ರತಿ ಇನ್‌ಪುಟ್‌ನಲ್ಲಿ 100 ಕಿಲೋ ಓಮ್ ಇದ್ದರೆ, ಎರಡು ಇನ್‌ಪುಟ್ ಸೇರಿ ವೋಲ್ಟೇಜ್ ಸುಮಾರು ಶೇ. 2 ಇಳಿಯುತ್ತದೆ. ಪ್ರತಿ ಸ್ಥಾಯಿಗೆ ಸುಮಾರು 24 ಸೆಂಟ್ ತಗ್ಗು. ಮೂರು ಸ್ಥಾಯಿ ಮೇಲೆ ಹೋದರೆ ಮುಕ್ಕಾಲು ಸ್ವರಸ್ಥಾನದಷ್ಟು ತಪ್ಪು. ಎರಡನೇ ಕೇಬಲ್ ಕಿತ್ತ ಕೂಡಲೇ ಮೊದಲ ಆಸಿಲೇಟರ್‌ನ ಶ್ರುತಿ ಬದಲಾದರೆ ಕಾರಣ ಇದೇ. ಬಫರ್ಡ್ ಮಲ್ಟಿಪಲ್ (ವೋಲ್ಟೇಜ್ ಇಳಿಯದಂತೆ ಹಂಚುವಂಥದ್ದು) ತೊಂದರೆ ನೀಗಿಸುತ್ತದೆ. ಗೇಟ್, ಕ್ಲಾಕ್ ಹಂಚಲು ಸಾದಾ ಮಲ್ಟಿಪಲ್ ಸಾಕು, ಅಲ್ಲಿ ಅಷ್ಟು ಇಳಿದರೆ ಏನೂ ಆಗುವುದಿಲ್ಲ.

ಮೂರನೆಯದು ವೋಲ್ಟೇಜ್ ಪದ್ಧತಿ. ಎಂಎಸ್-20, ಯಮಹಾ ಸಿಎಸ್ ಸರಣಿಯ ಕೆಲವು ಹಳೆಯ ಸಿಂಥ್‌ಗಳು ಹರ್ಟ್ಸ್ ಪ್ರತಿ ವೋಲ್ಟ್ ಪದ್ಧತಿಯವು. ಅಲ್ಲಿ ಪ್ರತಿ ಸ್ಥಾಯಿಗೆ ವೋಲ್ಟೇಜ್ ಎರಡರಷ್ಟಾಗುತ್ತದೆ: 1, 2, 4, 8. ಸೀಕ್ವೆನ್ಸರ್ ಆ ಸೆಟ್ಟಿಂಗ್‌ನಲ್ಲಿದ್ದು ಆಸಿಲೇಟರ್ ಯೂರೋರ‍್ಯಾಕ್‌ನದ್ದಾದರೆ ಮೊದಲ ಸ್ಥಾಯಿ ಒಂದಾಗಿಯೇ ಬರುತ್ತದೆ, ಎರಡನೆಯದು ಎರಡಾಗುತ್ತದೆ, ಮೂರನೆಯದು ನಾಲ್ಕಾಗುತ್ತದೆ. ಮೇಲಕ್ಕೆ ಹೋದಂತೆ ಸ್ವರ ಓಡಿಹೋಗುವುದು ಕೇಳಿಸಿದರೆ ಈ ಸೆಟ್ಟಿಂಗ್ ಹುಡುಕಿ.

ಇಷ್ಟಾದರೂ ಸಿಗದಿದ್ದರೆ ಮೀಟರ್ ತೆಗೆಯಿರಿ. ಸೀಕ್ವೆನ್ಸರ್‌ಗೆ ಕೇಬಲ್ ಹಾಕಿ. ಇನ್ನೊಂದು ತುದಿಯ ತುದಿಮೊನೆಗೆ ಕೆಂಪು ಪ್ರೋಬ್, ಸ್ಲೀವ್‌ಗೆ (ಮೊನೆಯ ಹಿಂದಿನ ಉದ್ದದ ಲೋಹದ ಭಾಗ) ಕಪ್ಪು. ಒಂದು ಹೆಜ್ಜೆಯಲ್ಲಿ ನಿಲ್ಲಿಸಿ ಅಳೆಯಿರಿ, ಒಂದು ಸ್ಥಾಯಿ ಮೇಲಿನ ಹೆಜ್ಜೆಗೆ ಹೋಗಿ ಮತ್ತೆ ಅಳೆಯಿರಿ. ವ್ಯತ್ಯಾಸ 1.00 ಬರಬೇಕು. 20 ವೋಲ್ಟ್ ರೇಂಜ್‌ನಲ್ಲಿ ಸಾದಾ ಮೀಟರ್ ಎರಡೇ ದಶಮಾಂಶ ತೋರಿಸುತ್ತದೆ. 0ಯಿಂದ 1 ವೋಲ್ಟ್ ನಡುವಿನ ಸ್ಥಾಯಿ ಆರಿಸಿಕೊಂಡರೆ 2 ವೋಲ್ಟ್ ರೇಂಜ್‌ನಲ್ಲಿ ಮೂರು ದಶಮಾಂಶ ಸಿಗುತ್ತದೆ. ಮೀಟರ್ ಸರಿ ತೋರಿಸಿ ಕಿವಿ ತಪ್ಪು ಅಂದರೆ ಸೀಕ್ವೆನ್ಸರ್ ನಿರ್ದೋಷಿ, ಆಸಿಲೇಟರ್‌ನ ಟ್ರ್ಯಾಕಿಂಗ್ (ವೋಲ್ಟೇಜ್‌ಗೆ ಸರಿಯಾಗಿ ಸ್ವರ ಕೊಡುವುದು) ತಪ್ಪಿದೆ. ಮೀಟರ್ರೇ ತಪ್ಪು ತೋರಿಸಿದರೆ ಸೀಕ್ವೆನ್ಸರ್‌ನ ಕೈಪಿಡಿಯಲ್ಲಿ ಕ್ಯಾಲಿಬ್ರೇಶನ್ ಭಾಗ ಓದಿ. ಈ ಅಳತೆ ಮಾಡದೆ ಹಿಂದಿನ ಟ್ರಿಮ್ಮರ್ ಸ್ಕ್ರೂ ತಿರುಗಿಸಬೇಡಿ. ಒಮ್ಮೆ ತಿರುಗಿಸಿದರೆ ಹಳೆಯ ಜಾಗಕ್ಕೆ ತರುವುದು ಕಷ್ಟ.

ಕೊನೆಯದಾಗಿ, ಪ್ರತಿ ಸ್ವರದ ಶುರುವಿನಲ್ಲಿ ಹಿಂದಿನ ಸ್ವರದ ಚೂರು ಕೇಳಿಸುವುದು. ಸ್ಲೈಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಆನ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಆಮೇಲೂ ಇದ್ದರೆ ಗೇಟ್ ಮೊದಲು ಬಂದು ಪಿಚ್ ಕೆಲವು ಮಿಲಿಸೆಕೆಂಡ್ ತಡವಾಗಿ ಬರುತ್ತಿದೆ. ನಡುವೆ ಕ್ವಾಂಟೈಸರ್ ಇದ್ದರೆ ಹೀಗಾಗುತ್ತದೆ. ಕ್ವಾಂಟೈಸರ್‌ನ ಟ್ರಿಗರ್ ಔಟ್‌ಪುಟ್ಟನ್ನೇ ಎನ್ವಲಪ್‌ಗೆ ಕೊಡಿ, ಅಥವಾ ಗೇಟನ್ನು ಅಷ್ಟೇ ತಡ ಮಾಡಿ.

ತಾಳ ತಪ್ಪುತ್ತಿದೆ

ವೇಗ ಸರಿಯಾಗಿ ಎರಡರಷ್ಟು, ಅರ್ಧ, ಅಥವಾ ಆರರಷ್ಟು ತಪ್ಪಿದ್ದರೆ ಅದು ಕ್ಲಾಕ್‌ನ ಲೆಕ್ಕದ ವ್ಯತ್ಯಾಸ. ಮಿಡಿ ಕ್ಲಾಕ್ ಒಂದು ಬೀಟ್‌ಗೆ 24 ಬಡಿತ ಕಳಿಸುತ್ತದೆ. ಕೋರ್ಗ್‌ನ ವೋಲ್ಕಾ ಯಂತ್ರಗಳ ಸಿಂಕ್ 2 ಬಡಿತ. ಅನೇಕ ಯೂರೋರ‍್ಯಾಕ್ ಸೀಕ್ವೆನ್ಸರ್‌ಗಳು ಒಂದು ಬಡಿತಕ್ಕೆ ಒಂದು ಹೆಜ್ಜೆ ಇಡುತ್ತವೆ. ಬೀಟ್‌ಗೆ ನಾಲ್ಕು ಹೆಜ್ಜೆ ನಿರೀಕ್ಷಿಸುವಲ್ಲಿ 24 ಬಡಿತ ಬಂದರೆ ಆರು ಪಟ್ಟು ವೇಗ, 2 ಬಂದರೆ ಅರ್ಧ ವೇಗ. ಸೆಟ್ಟಿಂಗ್ ಬದಲಿಸಿ, ಇಲ್ಲವೇ ವೇಗ ಜಾಸ್ತಿಯಾದರೆ ಕ್ಲಾಕ್ ಡಿವೈಡರ್, ಕಡಿಮೆಯಾದರೆ ಕ್ಲಾಕ್ ಮಲ್ಟಿಪ್ಲೈಯರ್ ಹಾಕಿ.

ಒಂದೊಂದು ಸಲ ಎರಡು ಹೆಜ್ಜೆ ಒಟ್ಟಿಗೆ ನೆಗೆದರೆ ಕ್ಲಾಕ್ ಅಲೆಯ ಆಕಾರ ನೋಡಿ. ಎಲ್‌ಎಫ್‌ಒದ ಸೈನ್ ಅಲೆ ನಿಧಾನವಾಗಿ ಏರುತ್ತದೆ, ಅಂಚಿನಲ್ಲಿ ಸೀಕ್ವೆನ್ಸರ್‌ಗೆ ಗೊಂದಲವಾಗುತ್ತದೆ. ಸ್ಕ್ವೇರ್ ಅಲೆ ಕೊಡಿ.

ವೇಗ ಸರಿ, ಆದರೆ ಸಮ ಒಂದು ಹೆಜ್ಜೆ ಪಕ್ಕಕ್ಕೆ ಬೀಳುತ್ತಿದ್ದರೆ ರಿಸೆಟ್ ಮತ್ತು ಕ್ಲಾಕ್ ಒಂದೇ ಕ್ಷಣಕ್ಕೆ ಬರುತ್ತಿವೆ. ಸೀಕ್ವೆನ್ಸರ್ ಮೊದಲ ಹೆಜ್ಜೆಗೆ ಮರಳಿ, ಅದೇ ಬಡಿತಕ್ಕೆ ಎರಡನೆಯದಕ್ಕೂ ಹೋಗಿಬಿಡುತ್ತದೆ. ರಿಸೆಟ್ಟನ್ನು ಒಂದೆರಡು ಮಿಲಿಸೆಕೆಂಡ್ ತಡ ಮಾಡಿದರೆ ಸರಿಹೋಗುತ್ತದೆ. ಹಾಗೇ, ಮಿಶ್ರ ಛಾಪು ಅಂತ ಒಂದು ಸಾಲು 7 ಹೆಜ್ಜೆಗೆ, ಇನ್ನೊಂದು ಸಾಲು 8ಕ್ಕೆ ಇಟ್ಟರೆ ಎರಡೂ ಸಮಕ್ಕೆ ಸೇರುವುದು 56 ಹೆಜ್ಜೆಗೊಮ್ಮೆ. ಅದು ದೋಷ ಅಲ್ಲ. ಬೇಕೆಂದರೆ ಉಳಿಸಿಕೊಳ್ಳಿ, ಬೇಡವಾದರೆ 7ರ ಸಾಲಿನ ಶುರುವಿನ ಗೇಟನ್ನು ಇನ್ನೊಂದರ ರಿಸೆಟ್‌ಗೆ ಕೊಡಿ.

ಗುಂಯ್ ಅನ್ನುವ ಸದ್ದು, ಮೈ ಜುಮ್ ಅನ್ನುವುದು

ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕಿದಾಗ ಮಾತ್ರ ಗುಂಯ್ ಬಂದರೆ ಗ್ರೌಂಡ್ ಲೂಪ್ (ಎರಡು ಯಂತ್ರಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಸುತ್ತಾಗುವುದು). ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ಹೋದರೆ ಖಚಿತವಾಯಿತು. ಯುಎಸ್‌ಬಿ ಐಸೊಲೇಟರ್ ಹಾಕಬಹುದು, ಅಥವಾ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ತನ್ನಿ. ಸದ್ದು ಹೋಗುತ್ತದೆ ಅಂತ ಪ್ಲಗ್‌ನ ಅರ್ಥ್ ಪಿನ್ ಯಾವತ್ತೂ ತೆಗೆಯಬೇಡಿ. ಆ ಪಿನ್ ನಿಮ್ಮ ಜೀವ ಕಾಯುವುದಕ್ಕೆ ಇದೆ.

ಮಾಡ್ಯೂಲ್‌ನ ಲೋಹದ ಫಲಕ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿದ್ದರೆ ಪರೀಕ್ಷೆ ನಿಲ್ಲಿಸಿ, ಮೇನ್ಸ್ ಆಫ್ ಮಾಡಿ. ಮನೆಯ ಅರ್ಥಿಂಗ್ ಸರಿ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಬಂದು ಅಳೆದು ನೋಡುವ ತನಕ ಆ ಸಾಕೆಟ್‌ನಲ್ಲಿ ಸಿಂಥ್ ಓಡಿಸಬೇಡಿ.

ನಾಬ್ ನೆಗೆಯುತ್ತದೆ, ಬಟನ್ ಕೆಲಸ ಮಾಡುತ್ತಿಲ್ಲ

ಧೂಳು ಇರಬಹುದು. ಯಂತ್ರ ಆಫ್ ಮಾಡಿ ನಾಬನ್ನು ಎರಡೂ ತುದಿಗೆ ಕೆಲವು ಸಲ ತಿರುಗಿಸಿ. ಸಾಲದಿದ್ದರೆ ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಒಣಗಿದ ಮೇಲೆ ಆನ್ ಮಾಡಿ. ಎಲ್ಲಾ ಬಟನ್‌ಗಳೂ ಒಟ್ಟಿಗೆ ವಿಚಿತ್ರವಾಗಿ ವರ್ತಿಸಿದರೆ ಸಾಫ್ಟ್‌ವೇರ್ ಕಾರಣ ಇರಬಹುದು. ಪ್ಯಾಟರ್ನ್‌ಗಳನ್ನು ಬ್ಯಾಕಪ್ ಮಾಡಿಕೊಂಡು ಫ್ಯಾಕ್ಟರಿ ರಿಸೆಟ್ ಮಾಡಿ, ಆಮೇಲೆ ಫರ್ಮ್‌ವೇರ್ ಅಪ್‌ಡೇಟ್. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಯಂತ್ರ ಏಳದೇ ಹೋಗಬಹುದು. ಕರೆಂಟ್ ಪದೇಪದೇ ಹೋಗುವ ಊರಲ್ಲಿ ಯುಪಿಎಸ್ ಮೇಲೇ ಮಾಡಿ.

ಯಾವಾಗ ಬೇರೆಯವರಿಗೆ ಕೊಡಬೇಕು

ಫ್ಯೂಸ್ ಮತ್ತೆ ಮತ್ತೆ ಹೋದರೆ, ರಿಬ್ಬನ್ ಉಲ್ಟಾ ಹಾಕಿ ಆನ್ ಮಾಡಿದ ಮೇಲೆ ಮಾಡ್ಯೂಲ್ ಸತ್ತಿದ್ದರೆ, ಒಂದು ಔಟ್‌ಪುಟ್‌ನಲ್ಲಿ ಯಾವ ಹೆಜ್ಜೆಗೂ ವೋಲ್ಟೇಜ್ ಬದಲಾಗದಿದ್ದರೆ ಇನ್ನು ಹುಡುಕಬೇಡಿ. ವಾರಂಟಿ ಇದ್ದರೆ ಮುಚ್ಚಳವನ್ನೂ ಬಿಚ್ಚಬೇಡಿ. ತಯಾರಕರಿಗೆ ಅಥವಾ ರಿಪೇರಿಯವರಿಗೆ ಬರೆಯುವಾಗ "ಕೆಲಸ ಮಾಡುತ್ತಿಲ್ಲ" ಅಂತ ಮಾತ್ರ ಬರೆದರೆ ಸಾಲದು. ಯಾವ ಪವರ್ ಸಪ್ಲೈ, ಯಾವ ಫರ್ಮ್‌ವೇರ್, ಯಾವ ಹೆಜ್ಜೆಯಲ್ಲಿ ಮೀಟರ್ ಎಷ್ಟು ವೋಲ್ಟ್ ತೋರಿಸಿತು, ಬೇರೆ ಕೇಬಲ್ ಮತ್ತು ಬೇರೆ ಆಸಿಲೇಟರ್ ಹಾಕಿದಾಗ ಏನಾಯಿತು, ಇಷ್ಟು ಬರೆಯಿರಿ. ಜೊತೆಗೆ ಆ ಚಿಕ್ಕ ಪ್ಯಾಚ್‌ನ ಫೋಟೋ ಕಳಿಸಿ.